ದೊಡ್ಡಮ್ಮ ಹೇಳಿದ್ದು, ನಾನು ಹೇಳಿದ್ದು

ದುಭಾಷಿಯ ಆ ಕೆಲಸಕ್ಕೆ ನನ್ನನ್ನು ಕರೆದದ್ದು ಮೀನಿನ ಫ್ಯಾಕ್ಟರಿಯ ಮ್ಯಾನೇಜರರೇ. ಆಗ ನಾನು ಕೊಡಿಯಾಲ್‌ಬೈಲಿನ ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದೆ. ಅವರ ಮಗಳು ನನ್ನ ವಿದ್ಯಾರ್ಥಿನಿ. ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು: "ಟೀಚರ್, ನಿಮಗೆ ತುಳು ಬರ್ತದೆ ಅಲ್ವಾ? ಡೆಲ್ಲಿಯಿಂದ ಒಬ್ಬರು ಬರ್ಲಿಕ್ಕುಂಟು. ಅವರಿಗೆ ನಮ್ಮ ಹೆಂಗಸರ ಹತ್ತಿರ ಮಾತಾಡ್ಬೇಕಂತೆ. ಒಂದು ದಿನದ ಕೆಲಸ ಅಷ್ಟೆ. ಹೆಂಗಸರು ಹೇಳಿದ್ದನ್ನು ಇಂಗ್ಲಿಷಲ್ಲಿ ಹೇಳಿದ್ರಾಯ್ತು."

ನಾನು ಒಪ್ಪಿಕೊಂಡೆ. ನನ್ನ ದೊಡ್ಡಮ್ಮ ಅದೇ ಫ್ಯಾಕ್ಟರಿಯಲ್ಲಿ ಮೀನು ಕ್ಲೀನ್ ಮಾಡುತ್ತಾರೆ ಎಂಬ ವಿಷಯವನ್ನು ಮಾತ್ರ ಅವರಿಗೆ ಹೇಳಲಿಲ್ಲ. ನನ್ನ ತಪ್ಪುಗಳ ಪಟ್ಟಿ ಮಾಡಿದರೆ ಅದು ಮೊದಲನೆಯದು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅಲ್ಲಿಂದ ಮುಂದೆ ನನ್ನನ್ನು ಸಾಕಿದ್ದು, ಓದಿಸಿದ್ದು ಎಲ್ಲ ದೊಡ್ಡಮ್ಮನೇ. ಬೆಳಗ್ಗೆ ಬಂದರಿಗೆ ಹೋಗಿ ಮೀನು ತಂದು, ತಲೆಯ ಮೇಲೆ ಬುಟ್ಟಿ ಹೊತ್ತು, ನಾವಿರುವ ಬಿಜೈಯಲ್ಲಿ ಮನೆ ಮನೆಗೆ ನಡೆದು ಮಾರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಬಿಟ್ಟು ನದಿಯಾಚೆಯ ಫ್ಯಾಕ್ಟರಿಗೆ ಸೇರಿದರು. ಅಲ್ಲಿ ಸಿಗಡಿ, ಬೊಂಡಾಸು, ಬಂಗುಡೆ ಎಲ್ಲ ಸುಲಿದು, ಸೀಳಿ, ಐಸ್ ಹಾಕಿ ಹೊರದೇಶಕ್ಕೆ ಕಳುಹಿಸುತ್ತಾರೆ. ಒಳಗೆ ಹೋದರೆ ಬಿಳಿ ಕೋಟು, ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕು, ಕಾಲಿಗೆ ಗಮ್‌ಬೂಟು. ಕಣ್ಣುಗಳನ್ನು ಬಿಟ್ಟರೆ ಮನುಷ್ಯರ ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ.

ನಾನು ದುಭಾಷಿಯಾಗಿ ಬರುತ್ತೇನೆ ಎಂದಾಗ ದೊಡ್ಡಮ್ಮನಿಗೆ ಖುಷಿಯಾಯಿತು. ಮನೆಯಲ್ಲಿ ನಮ್ಮದು ತುಳು; ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಳ್ಳೆದಾಯ್ತು ಮಗಾ," ಎಂದರು; ನಮ್ಮಲ್ಲಿ ಹೆಣ್ಣುಮಕ್ಕಳನ್ನೂ ಮಗಾ ಎಂದೇ ಕರೆಯುವುದು. "ಮೊದಲೆಲ್ಲ ಬಂದವರಿಗೆ ತುಳುವೂ ಇಲ್ಲ, ಎಂತದೂ ಇಲ್ಲ. ನಾವು ತಲೆ ಆಡಿಸಿ ಬರುದು. ಈ ಸಲ ನೀನೇ ಇದ್ರೆ ಹೇಳ್ಬಹುದು."

"ಎಂತ ಹೇಳ್ಲಿಕ್ಕುಂಟು?" ಎಂದು ಕೇಳಿದೆ.

"ಅವರು ಕೇಳ್ಲಿ, ಹೇಳ್ತೇನೆ," ಎಂದು ಮೀನಿನ ಸಾರಿಗೆ ತೆಂಗಿನಕಾಯಿ ತುರಿಯಲು ಕುಳಿತರು.

ಅಂಕ ಕೊಡುವ ಒಂದು ಸಂಸ್ಥೆಯ ಪರವಾಗಿ ಡೆಲ್ಲಿಯಿಂದ ತಪಾಸಣೆಗೆ ಬಂದ ಆಡಿಟರ್ ಐವತ್ತರ ಆಸುಪಾಸಿನವರು, ತುಂಬ ಮೆದು ಮಾತಿನವರು. ಕಾರಿನಲ್ಲಿ ಸೇತುವೆ ದಾಟುವಾಗ ಅವರು ನನಗೆ ಇಡೀ ವಿಷಯವನ್ನು ವಿವರಿಸಿದರು. ಹೊರದೇಶದ ಅಂಗಡಿಯಲ್ಲಿ ಮೀನಿನ ಪ್ಯಾಕೆಟ್ ಎತ್ತಿಕೊಂಡವರು ತಮ್ಮ ಫೋನನ್ನು ಅದರ ಮೇಲೆ ಹಿಡಿದರೆ ಕಂಪನಿಯ ಅಂಕ ಕಾಣುತ್ತದಂತೆ. ನೂರಕ್ಕೆ ಇಷ್ಟು ಎಂದು. ಕೊಳಕು ನೀರನ್ನು ಎಲ್ಲಿಗೆ ಬಿಡುತ್ತಾರೆ, ಬಲೆಗೆ ಬಿದ್ದ ಆಮೆಯನ್ನು ಏನು ಮಾಡುತ್ತಾರೆ, ಬೆಂಕಿ ಬಿದ್ದರೆ ಓಡಲು ದಾರಿ ಇದೆಯೇ, ಕೆಲಸದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಎಲ್ಲಕ್ಕೂ ಅಂಕ. ಒಳ್ಳೆಯ ಅಂಕ ಬಂದರೆ ಹಸಿರು ಎಲೆಯ ಚಿತ್ರ, ನಡುವಿನದಕ್ಕೆ ಹಳದಿ, ಕಡಿಮೆಯಾದರೆ ಕೆಂಪು. ಕೆಂಪು ಕಂಡರೆ ಜನ ಪ್ಯಾಕೆಟನ್ನು ವಾಪಸ್ ಇಡುತ್ತಾರೆ.

"ನೀವು ಹೇಳುವುದನ್ನೇ ನಾನು ಬರೆಯುವುದು," ಎಂದರು ಅವರು ಇಂಗ್ಲಿಷಿನಲ್ಲಿ. "ಒಂದು ಶಬ್ದ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅಂದ ಹಾಗೆ, ಅಲ್ಲಿ ನಿಮಗೆ ಗುರುತಿನವರು ಯಾರಾದರೂ ಇದ್ದಾರೆಯೇ?"

"ನಮ್ಮ ಊರಿನ ಕಡೆಯವರು ಕೆಲವರು ಇರಬಹುದು," ಎಂದೆ.

ಅವರು ತಲೆಯಾಡಿಸಿ ಕಿಟಕಿಯ ಹೊರಗೆ ನೋಡಿದರು. ಮೀನಿನ ವಾಸನೆ ಆಗಲೇ ಅವರನ್ನು ಕಾಡತೊಡಗಿತ್ತು ಎಂದು ಕಾಣುತ್ತದೆ, ಕಿಸೆಯಿಂದ ಕರ್ಚೀಫು ತೆಗೆದರು.

ಗೇಟಿನ ಹತ್ತಿರ ಕಾರು ನಿಂತಾಗ ದೊಡ್ಡಮ್ಮನ ಲೈನಿನಲ್ಲಿ, ಅಂದರೆ ಅದೇ ಮೇಜಿನ ಸಾಲಿನಲ್ಲಿ, ಕೆಲಸ ಮಾಡುವ ಇಬ್ಬರು ಹೆಂಗಸರು ಅವರಿಂದ ವಿಷಯ ತಿಳಿದು ನನಗಾಗಿ ಕಾಯುತ್ತಿದ್ದರು. ಒಬ್ಬರು ದೊಡ್ಡಮ್ಮನಷ್ಟೇ ವಯಸ್ಸಿನವರು, ಇನ್ನೊಬ್ಬಳು ಎರಡು ಮಕ್ಕಳ ತಾಯಿ. ಆಡಿಟರ್ ಆಫೀಸಿಗೆ ಹೋದದ್ದೇ ತಡ, ಚಿಕ್ಕವಳು ನನ್ನ ಕೈ ಹಿಡಿದುಕೊಂಡಳು.

"ಟೀಚರ್, ಸ್ವಲ್ಪ ನೋಡಿ ಹೇಳಿ ಆಯ್ತಾ? ಆ ಬದಿಯ ಫ್ಯಾಕ್ಟರಿಗೆ ಇವರೇ ಕೆಂಪು ಕೊಟ್ಟದ್ದು. ಮೂರು ತಿಂಗಳಲ್ಲಿ ಬೀಗ ಬಿತ್ತು. ಅಲ್ಲಿಯ ಹೆಂಗಸರು ಈಗ ಎಲ್ಲಿದ್ದಾರೆ ಅಂತ ಕೇಳುವವರೂ ಇಲ್ಲ."

"ನಾವು ಕಷ್ಟ ಹೇಳಿದ್ರೂ ನೀವು ಅದನ್ನು ಹಾಗೇ ಹೇಳ್ಬೇಡಿ," ಎಂದರು ದೊಡ್ಡವರು. "ನಮಗೆ ಇದು ಬಿಟ್ರೆ ಬೇರೆ ಎಂತ ಉಂಟು?"

ಬೀಗ ಬಿದ್ದ ಆ ಪಕ್ಕದ ಕಾಂಪೌಂಡಿನೊಳಗೆ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಹಿಡಿದ ಕೈಯನ್ನು ಬಿಡಿಸಿಕೊಂಡು ಒಳಗೆ ಹೋದೆ. ಆ ಕೈ ಎಷ್ಟು ತಣ್ಣಗಿತ್ತೆಂದರೆ ಮಧ್ಯಾಹ್ನದವರೆಗೂ ನನ್ನ ಅಂಗೈಯಲ್ಲಿ ಅದರ ನೆನಪಿತ್ತು.

ಆರು ಜನರನ್ನು ಆಡಿಟರರೇ ಲೈನಿನಿಂದ ಆರಿಸಿದರು. ಯಾರನ್ನು ಆರಿಸಬೇಕೆಂದು ಫ್ಯಾಕ್ಟರಿಯವರು ಹೇಳುವಂತಿರಲಿಲ್ಲ. ಅವರು ಮೇಜುಗಳ ನಡುವೆ ನಡೆಯುತ್ತ ಬರುವಾಗ ಎಲ್ಲರೂ ತಲೆ ತಗ್ಗಿಸಿ ಸಿಗಡಿ ಸುಲಿಯುತ್ತಿದ್ದರು. ಒಬ್ಬರು ಮಾತ್ರ ತಲೆ ಎತ್ತಿ ನಿಂತಿದ್ದರು. ಮಾಸ್ಕಿನ ಮೇಲಿನ ಆ ಕಣ್ಣುಗಳನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಆಡಿಟರ್ ಅವರತ್ತ ಬೆರಳು ತೋರಿಸಿದರು.

ಮಾತುಕತೆಗೆ ಕೊಟ್ಟ ಕೋಣೆಗೆ ಒಂದು ಬದಿ ಗಾಜಿನ ಗೋಡೆ. ಹೊರಗೆ ಸೂಪರ್‌ವೈಸರ್ ಹುಡುಗಿ ಕೋಲ್ಡ್ ರೂಮಿನ ಉಷ್ಣಾಂಶ ಬರೆಯುವವಳ ಹಾಗೆ ನಿಂತಿದ್ದಳು. ಮೊದಲ ಮೂವರು ಎಲ್ಲ ಸರಿಯಾಗಿದೆ ಎಂದರು, ನಾನೂ ಹಾಗೆಯೇ ಹೇಳಿದೆ. ನಾಲ್ಕನೆಯವರಾಗಿ ದೊಡ್ಡಮ್ಮ ಬಂದು ಕುಳಿತರು. ನನ್ನ ಪರಿಚಯ ಇಲ್ಲದವರ ಹಾಗೆ ಮೇಜಿನ ಮೇಲೆ ಕೈ ಇಟ್ಟರು. ಬೆರಳ ತುದಿಗಳು ನೆನೆದು ಬಿಳುಚಿದ್ದವು.

ಸಂಬಳ, ರಜೆ, ಕೈಗವಸು ಎಂದು ಕೇಳುತ್ತ ಬಂದ ಆಡಿಟರ್ ಕೊನೆಗೆ ಕುಡಿಯುವ ನೀರು ಮತ್ತು ಶೌಚಾಲಯದ ವಿಷಯಕ್ಕೆ ಬಂದರು. ನಾನು ಅದನ್ನು ತುಳುವಿನಲ್ಲಿ ಕೇಳಿದೆ.

"ಯಾನ್ ನೀರೇ ಪರ್ಪುಜಿ," ಎಂದರು ದೊಡ್ಡಮ್ಮ. ನಾನು ನೀರೇ ಕುಡಿಯುವುದಿಲ್ಲ.

ಆಮೇಲೆ ನಿಧಾನವಾಗಿ, ನನಗೆ ಬಿಟ್ಟು ಹೋಗದ ಹಾಗೆ ಹೇಳುತ್ತ ಹೋದರು. ಬೆಳಗ್ಗೆ ಏಳಕ್ಕೆ ಒಳಗೆ ಬಂದರೆ ಸಂಜೆ ನಾಲ್ಕಕ್ಕೆ ಹೊರಗೆ. ನಡುವೆ ಊಟಕ್ಕೆ ಮಾತ್ರ ಬಿಡುವುದು. ಬೇರೆ ಹೊತ್ತಿನಲ್ಲಿ ಶೌಚಕ್ಕೆ ಹೋಗಬೇಕಾದರೆ ಸೂಪರ್‌ವೈಸರಿಗೆ ಕೈ ಎತ್ತಿ ಕೇಳಬೇಕು. ಕೋಟು, ಬೂಟು, ಗವಸು ಎಲ್ಲ ಬಿಚ್ಚಿ, ಬಂದು ಮತ್ತೆ ಎಲ್ಲ ಹಾಕಿ, ಕ್ರಿಮಿ ಕೊಲ್ಲುವ ಮದ್ದಿನ ನೀರಿನಲ್ಲಿ ಕೈಕಾಲು ಅದ್ದಬೇಕು. ಅಷ್ಟು ಹೊತ್ತು ಪಕ್ಕದವಳು ಎರಡು ಜನರ ಕೆಲಸ ಮಾಡಬೇಕು. ಎರಡನೇ ಸಲ ಕೈ ಎತ್ತಿದರೆ ಎಲ್ಲರೆದುರು ಬೈಗುಳ. ಇರುವ ನಾಲ್ಕು ಶೌಚಾಲಯಗಳಲ್ಲಿ ಎರಡಕ್ಕೆ ಚಿಲಕ ಇಲ್ಲ. ಅದಕ್ಕೇ ನೀರು ಕುಡಿಯುವುದಿಲ್ಲ. ತಾನೊಬ್ಬಳೇ ಅಲ್ಲ, ತುಂಬ ಜನ ಹಾಗೇ. ಮೂತ್ರ ಮಾಡುವಾಗ ಉರಿ, ಸೊಂಟದಲ್ಲಿ ನೋವು, ಕೆಲವೊಮ್ಮೆ ಚಳಿಜ್ವರ. ಎಷ್ಟೋ ವರ್ಷವಾಯಿತು.

ಇದರಲ್ಲಿ ಒಂದು ಮಾತನ್ನೂ ಅವರು ನನಗೆ ಮನೆಯಲ್ಲಿ ಹೇಳಿರಲಿಲ್ಲ.

ಗಾಜಿನ ಹೊರಗೆ ಸೂಪರ್‌ವೈಸರ್ ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಇಷ್ಟು ಹೊತ್ತು ಮಾತಾಡಿದವರು ಯಾರೆಂದು ಅವಳಿಗೆ ಗೊತ್ತಾಗಿತ್ತು. ನಾಳೆ ದೊಡ್ಡಮ್ಮನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ ಎಂದುಕೊಂಡೆ. ಹುಲ್ಲು ಬೆಳೆದ ಕಾಂಪೌಂಡು ಕಣ್ಣ ಮುಂದೆ ಬಂತು. ಆಡಿಟರ್ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ನೀರಿನ ವ್ಯವಸ್ಥೆ ಇದೆಯಂತೆ. ಶೌಚಾಲಯಕ್ಕೆ ಕೇಳಿಕೊಂಡು ಹೋಗಬಹುದಂತೆ. ಚಿಲಕ ರಿಪೇರಿ ಆದರೆ ಒಳ್ಳೆಯದು ಎನ್ನುತ್ತಾರೆ."

ಆಡಿಟರ್ ದೊಡ್ಡಮ್ಮನ ಕಡೆ ನೋಡಿದರು. "ಇಷ್ಟೇನಾ ಅವರು ಹೇಳಿದ್ದು?"

"ಇಷ್ಟೇ."

"ಸರಿಯಾಗಿ ಕೇಳಿಸಿಕೊಂಡಿರಾ?"

"ಹೌದು."

ಅವರು ಬರೆದುಕೊಂಡರು. ದೊಡ್ಡಮ್ಮ ನನ್ನನ್ನೂ ಅವರನ್ನೂ ಒಮ್ಮೆ ನೋಡಿ, ಎದ್ದು, ಮಾಸ್ಕು ಏರಿಸಿಕೊಂಡು ಹೋದರು.

ಆ ರಾತ್ರಿ ಊಟದ ಹೊತ್ತಿಗೆ ಅವರು ಕೇಳಿಯೇ ಬಿಟ್ಟರು: "ನಾನು ಅಷ್ಟುದ್ದ ಹೇಳಿದೆ. ನೀನು ಹೇಳಿದ್ದು ಇಷ್ಟೇ. ಇಂಗ್ಲಿಷ್ ಅಂದ್ರೆ ಅಷ್ಟು ಗಿಡ್ಡವಾ ಮಗಾ?"

"ಹೌದು ದೊಡ್ಡಮ್ಮ. ಇಂಗ್ಲಿಷಲ್ಲಿ ಸಣ್ಣ ಆಗ್ತದೆ," ಎಂದೆ.

ಅವರು ನನ್ನ ಬಟ್ಟಲಿಗೆ ಮೀನಿನ ನಡುತುಂಡು ಹಾಕಿದರು. ನಾನು ಯಾರನ್ನು ಉಳಿಸಿದೆ ಎಂದು ಮಲಗಿದಲ್ಲಿ ಯೋಚಿಸಿದೆ. ದೊಡ್ಡಮ್ಮನನ್ನು ಉಳಿಸಿದೆ, ಗೇಟಿನ ಆ ಹೆಂಗಸರನ್ನು ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮ್ಯಾನೇಜರ್ ಎದುರು ಕೆಟ್ಟವಳಾಗದೆ ನನ್ನನ್ನು ನಾನೇ ಉಳಿಸಿಕೊಂಡೆ ಎಂಬುದು ಆಗ ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ.

ಫಲಿತಾಂಶ ಬಂದಾಗ ಮ್ಯಾನೇಜರ್ ಮಗಳ ಕೈಯಲ್ಲಿ ಸ್ವೀಟ್ ಬಾಕ್ಸ್ ಕಳುಹಿಸಿದರು. ಫ್ಯಾಕ್ಟರಿಗೆ ಹಸಿರು ಎಲೆ ಸಿಕ್ಕಿತ್ತು. ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಹೊಳೆಯುವ ಸಿಗಡಿಯ ಪ್ಯಾಕೆಟ್ಟಿನ ಚಿತ್ರ, ಅದರ ಕೆಳಗೆ ಹಸಿರು ಎಲೆ, ಅದರ ಕೆಳಗೆ 'ಇಲ್ಲಿ ಮಹಿಳಾ ಕಾರ್ಮಿಕರನ್ನು ಗೌರವದಿಂದ ನಡೆಸಿಕೊಳ್ಳಲಾಗುತ್ತದೆ' ಎಂಬ ಅರ್ಥದ ಒಂದು ಸಾಲು. ಅದನ್ನು ಬರೆದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದನ್ನು ಹೇಳಿದವಳು ನಾನೇ.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಫ್ಯಾಕ್ಟರಿಯಲ್ಲಿ ಕೆಲಸ ಜೋರಾಯಿತು. ಒಂದು ದಿನ ಕ್ಲಾಸಿನ ನಡುವೆ ಫೋನು ಬಂತು. ದೊಡ್ಡಮ್ಮ ಲೈನಿನಲ್ಲೇ ಕುಸಿದು ಬಿದ್ದಿದ್ದರು. ಗೇಟಿನಲ್ಲಿ ನನ್ನ ಕೈ ಹಿಡಿದಿದ್ದ ಚಿಕ್ಕವಳೇ ಅವರನ್ನು ರಿಕ್ಷಾದಲ್ಲಿ ಹಂಪನಕಟ್ಟೆಯ ಹತ್ತಿರದ ಆಸ್ಪತ್ರೆಗೆ ಕರೆತಂದಿದ್ದಳು. ನಾನು ಹೋದಾಗ ದೊಡ್ಡಮ್ಮ ಎರಡು ಕಂಬಳಿಯೊಳಗೆ ನಡುಗುತ್ತಿದ್ದರು. ಗಮ್‌ಬೂಟು ಮಂಚದ ಕೆಳಗಿತ್ತು.

ಡಾಕ್ಟರ್ ಬಯಲುಸೀಮೆಯ ಕಡೆಯ ಹುಡುಗಿ, ತುಳು ಬಾರದವಳು. ಸೋಂಕು ಮೇಲೇರಿ ಎರಡೂ ಕಿಡ್ನಿಗೆ ಹೋಗಿದೆ, ಒಂದು ಆಗಲೇ ಚಿಕ್ಕದಾಗಿದೆ, ಇದು ಇವತ್ತಿನದಲ್ಲ, ವರ್ಷಗಳಿಂದ ಆಗುತ್ತ ಬಂದದ್ದು ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವರು ದಿನಕ್ಕೆ ಎಷ್ಟು ನೀರು ಕುಡೀತಾರೆ, ಕೇಳಿ ಹೇಳ್ತೀರಾ?" ಎಂದಳು.

ನಾನು ಕೇಳಿದೆ. ದೊಡ್ಡಮ್ಮ ನಡುಗುವ ತುಟಿಗಳಿಂದ ಹೇಳಿದರು. ಈ ಸಲ ನಾನು ಕೋಟು, ಬೂಟು, ಮದ್ದಿನ ನೀರು, ಕೈ ಎತ್ತುವುದು, ಬೈಗುಳ, ಚಿಲಕ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ತಡೆಯಲಾಗದೆ ಗೋಡೆಯ ಕಡೆ ತಿರುಗಿದೆ. ಡಾಕ್ಟರ್ ಹೋದ ಮೇಲೆ ದೊಡ್ಡಮ್ಮನ ಕಾಲ ಬಳಿ ಕುಳಿತು ಎಲ್ಲ ಒಪ್ಪಿಕೊಂಡೆ.

"ಗೊತ್ತಿತ್ತು," ಎಂದರು ಅವರು. "ಆ ಡೆಲ್ಲಿಯವನು ಬರೆದದ್ದು ಒಂದೂವರೆ ಗೆರೆ. ನನಗೆ ಓದ್ಲಿಕ್ಕೆ ಬರುದಿಲ್ಲ, ಗೆರೆ ಕಾಣ್ತದೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನಿನ್ನನ್ನು ಅವರ ಎದುರು ಸುಳ್ಳುಗಾರ್ತಿ ಮಾಡುದಾ?"

ಇದಕ್ಕಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಮರುದಿನದಿಂದ ನಾನು ಹುಚ್ಚಿಯ ಹಾಗೆ ಓಡಾಡಿದೆ. ಮೊದಲು ಅಂಕ ಕೊಡುವ ಸಂಸ್ಥೆಯ ವೆಬ್‌ಸೈಟಿನಲ್ಲಿ ದೂರು ಕೊಡಲು ನೋಡಿದೆ. ಅಲ್ಲೊಂದು ಫಾರ್ಮು ಇತ್ತು. ಪ್ಯಾಕೆಟ್ ಎಲ್ಲಿ ಕೊಂಡಿರಿ, ಯಾವ ದಿನ ಕೊಂಡಿರಿ, ಪ್ಯಾಕೆಟ್ಟಿನ ಹಿಂಬದಿಯ ಸಂಖ್ಯೆ ಏನು ಎಂಬ ಮೂರನ್ನೂ ತುಂಬದೆ ಮುಂದೆ ಹೋಗಲು ಬಿಡಲಿಲ್ಲ. ಆ ಪ್ಯಾಕೆಟ್ ನಮ್ಮ ದೇಶದಲ್ಲಿ ಸಿಗುವುದೇ ಇಲ್ಲ. ಕೊಂಡವರಿಗೆ ದೂರುವ ಹಕ್ಕಿತ್ತು. ಸುಲಿದವರಿಗೆ ಅಲ್ಲಿ ಒಂದು ಖಾಲಿ ಜಾಗವೂ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ನಾನು ಮತ್ತೆ ಮತ್ತೆ ಸುಳ್ಳು ಸಂಖ್ಯೆಗಳನ್ನು ಒತ್ತಿದೆ. ಸರಿಯಾದ ಸಂಖ್ಯೆ ಹಾಕಿ ಎಂದು ಅದು ಮತ್ತೆ ಮತ್ತೆ ಕೆಂಪಕ್ಷರದಲ್ಲಿ ಹೇಳಿತು.

ಮ್ಯಾನೇಜರ್ ಹತ್ತಿರ ಹೋದೆ. ಅಂಕದ ವಿಷಯ ಬಿಡಿ, ಹೆಂಗಸರನ್ನು ಕೇಳದೆ ಶೌಚಕ್ಕೆ ಹೋಗಲು ಬಿಡಿ, ಅಷ್ಟು ಸಾಕು ಎಂದು ಬೇಡಿಕೊಂಡೆ. ಬಿದ್ದವರು ನನ್ನ ದೊಡ್ಡಮ್ಮ ಎಂದೂ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು.

"ಟೀಚರ್, ನೀವು ಹೇಳಿದ್ದನ್ನೇ ಅಲ್ವಾ ಅವರು ಬರೆದದ್ದು?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದೇ ದಿನ ನೀವು ಹೇಳಿದ್ರೆ ಅವರು ತಿದ್ದಿಕೊಳ್ಳಿ ಅಂತ ಬರೆದು ಸಮಯ ಕೊಡ್ತಿದ್ರು. ಒಂದು ಹಳದಿ ಬರ್ತಿತ್ತು, ಹೆಚ್ಚೆಂದ್ರೆ. ಈಗ ಸುಳ್ಳು ಹೇಳಿ ಹಸಿರು ತಕೊಂಡದ್ದು ಅಂತ ಗೊತ್ತಾದ್ರೆ ನೇರ ಕೆಂಪೇ. ಮಾಲು ತಕೊಳ್ಳುವವರು ಒಂದು ಗಂಟೆಯಲ್ಲಿ ಆರ್ಡರ್ ನಿಲ್ಲಿಸ್ತಾರೆ. ಇಷ್ಟು ಜನ ಹೆಂಗಸರಿಗೆ ಎಂತ ಹೇಳುದು ನಾನು? ನೀವೇ ಬಂದು ಹೇಳ್ತೀರಾ?"

ಕೆಂಪು, ಹಳದಿ, ಹಸಿರು ಎಂದು ಆಡಿಟರ್ ನನಗೆ ಕಾರಿನಲ್ಲಿ ವಿವರಿಸಿದ್ದರು. ನಡುವಿನದೊಂದು ದಾರಿ ಇತ್ತು ಎಂಬುದು ಗಾಜಿನ ಗೋಡೆಯ ಆ ಕೋಣೆಯಲ್ಲಿ ನನಗೆ ನೆನಪಾಗಿರಲಿಲ್ಲ. ಎದ್ದು ಬಂದೆ.

ಕೊನೆಗೆ ಆಡಿಟರರ ನಂಬರಿಗೇ ಫೋನ್ ಮಾಡಿದೆ. ಅವರು ಎಲ್ಲಿಯೋ ಏರ್‌ಪೋರ್ಟಿನಲ್ಲಿದ್ದರು, ಹಿಂದೆ ವಿಮಾನದ ಘೋಷಣೆಗಳು ಕೇಳುತ್ತಿದ್ದವು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದೆ.

"ನಾನು ನಿಮ್ಮನ್ನು ಎರಡು ಸಲ ಕೇಳಿದೆ," ಎಂದರು ಅವರು.

"ಹೌದು."

"ಆ ಹೆಂಗಸು ಮಾತಾಡುವಾಗ ನನಗೆ ಅವರ ಮುಖ ಕಾಣುತ್ತಿತ್ತು. ನನಗೆ ಸಂಶಯ ಬಂದಿತ್ತು. ಆದರೂ ಬರೆದೆ. ಬರವಣಿಗೆಯಲ್ಲಿ ಕಳುಹಿಸಿ. ನನ್ನ ಕೈಲಾದದ್ದು ಮಾಡುತ್ತೇನೆ."

ಎರಡು ದಿನ ಬರೆಯಲಾಗಲಿಲ್ಲ. ಗೇಟಿನ ಚಿಕ್ಕವಳು ದಿನಾ ಸಂಜೆ ಕೆಲಸ ಮುಗಿಸಿ ದೊಡ್ಡಮ್ಮನಿಗೆ ಗಂಜಿ ತರುತ್ತಿದ್ದಳು. ಅವಳ ಎದುರು ಕುಳಿತು, ಅವಳ ಕೆಲಸ ಕಳೆಯಬಹುದಾದ ಕಾಗದವನ್ನು ನಾನು ಮನಸ್ಸಿನಲ್ಲೇ ಬರೆಯುತ್ತಿದ್ದೆ. ಮೂರನೇ ದಿನ, ಬರೆದು ಕಳುಹಿಸಲೇ ಎಂದು ದೊಡ್ಡಮ್ಮನನ್ನೇ ಕೇಳಿದೆ. "ನಾನು ಹೇಳ್ಲಿಕ್ಕಿದ್ದದ್ದು ಹೇಳಿ ಆಯ್ತು ಮಗಾ. ಇನ್ನು ನಿನ್ನದು," ಎಂದು ಅವರು ಕಣ್ಣು ಮುಚ್ಚಿದರು. ಅಂದೇ ಬರೆದು ಆಡಿಟರರಿಗೆ ಕಳುಹಿಸಿದೆ.

ಫ್ಯಾಕ್ಟರಿಯ ಹಸಿರು ಎಲೆ ಒಂದಷ್ಟು ವಾರ ಬೂದುಬಣ್ಣಕ್ಕೆ ತಿರುಗಿತು. ಮರುತಪಾಸಣೆ ಎಂದಾಯಿತು. ಹೊಸ ಆಡಿಟರ್, ಬೇರೆ ಊರಿನಿಂದ ಬಂದ ಹೊಸ ದುಭಾಷಿ. ಆ ದಿನ ಕ್ಲಾಸಿಗೆ ರಜೆ ಹೇಳಿ ನಾನು ಗೇಟಿನ ಎದುರಿನ ಗೂಡಂಗಡಿಯ ಬೆಂಚಿನ ಮೇಲೆ ಬೆಳಗ್ಗಿನಿಂದ ಕುಳಿತೆ. ಒಬ್ಬರಾದರೂ ಹೇಳಿಯಾರು, ಒಬ್ಬರು ಸಾಕು ಎಂದು ಬಿಸಿಲು ಏರುವವರೆಗೂ ನನಗೆ ಆಸೆ ಇತ್ತು. ಮಧ್ಯಾಹ್ನದ ಮೇಲೆ ಕಾರು ಹೊರಗೆ ಬಂತು. ದುಭಾಷಿ ಯುವಕ ಅಂಗಡಿಯಲ್ಲಿ ಸೋಡಾ ಕುಡಿಯಲು ಇಳಿದಾಗ ತುಳು ಬರ್ತದಾ ಎಂದು ಕೇಳಿದೆ. "ಇಲ್ಲ ಮೇಡಂ, ಕನ್ನಡದಲ್ಲೇ ಮಾತಾಡಿದ್ವಿ. ಎಲ್ರೂ ಚೆನ್ನಾಗೇ ಇದೆ ಅಂದ್ರು," ಎಂದು ನಕ್ಕ.

ನಾಲ್ಕು ಗಂಟೆಗೆ ಹೆಂಗಸರು ಹೊರಗೆ ಬಂದರು. ನನ್ನನ್ನು ಕಂಡು ಕೆಲವರು ರಸ್ತೆಯ ಆ ಬದಿಗೆ ದಾಟಿದರು. ಚಿಕ್ಕವಳು ಮಾತ್ರ ನೇರ ನನ್ನ ಎದುರು ಬಂದು ನಿಂತಳು.

"ನಾವು ಎಂತ ಹೇಳ್ಲಿಲ್ಲ ಟೀಚರ್. ನಿಮ್ಮ ದೊಡ್ಡಮ್ಮನನ್ನು ಎತ್ತಿದ್ದು ನಾನೇ, ನನಗೆ ಗೊತ್ತಿಲ್ವಾ? ಹೇಳ್ಬೇಕು ಅಂತ ಬಾಯಿವರೆಗೆ ಬಂತು. ಹೇಳಿ ನಾಳೆ ಎಲ್ಲಿಗೆ ಹೋಗುದು? ನಿಮಗಾದ್ರೆ ಕ್ಲಾಸ್ ಉಂಟು."

ಅವಳ ಬಸ್ಸು ಬಂತು. ಹತ್ತಿದವಳು ತಿರುಗಿ ನೋಡಲಿಲ್ಲ. ಅದೇ ಬಸ್ಸಿಗೆ ನಾನೂ ಹೋಗಬಹುದಿತ್ತು, ಮುಂದಿನದಕ್ಕೆ ಕಾದೆ.

ಹಸಿರು ಎಲೆ ಮರಳಿ ಬಂತು. ಅಂಕ ಎರಡು ಕಡಿಮೆಯಾಗಿತ್ತು, ದಾಖಲೆ ಸರಿಯಾಗಿ ಇಡದಿದ್ದಕ್ಕೆ. ಎರಡು ಶೌಚಾಲಯಗಳಿಗೆ ಚಿಲಕ ಹಾಕಿಸಿದ್ದಾರೆ ಎಂದು ಯಾರೋ ಹೇಳಿದರು. ಕೈ ಎತ್ತಿ ಕೇಳುವುದು ಹಾಗೆಯೇ ಇದೆ. ದೊಡ್ಡಮ್ಮನಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದರು, ಮತ್ತೆ ಕರೆಯಲಿಲ್ಲ. ಮ್ಯಾನೇಜರರ ಮಗಳು ಕ್ಲಾಸು ಬಿಟ್ಟಳು.

ಈಗ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಡಾಕ್ಟರ್ ಪ್ರತಿ ಸಲ ಕಾಗದ ನೋಡಿ, ಇನ್ನು ಎಷ್ಟು ದಿನಕ್ಕೆ ಡಯಾಲಿಸಿಸ್ ಬೇಕಾಗಬಹುದೆಂದು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಹೋದ ವಾರ ಬಿಜೈಯ ಮನೆಯಿಂದ ಪರೀಕ್ಷೆಗೆ ಹೊರಡುವ ಮೊದಲು ದೊಡ್ಡಮ್ಮ ತಲೆ ಬಾಚಿಕೊಳ್ಳುತ್ತ ಕೇಳಿದರು:

"ಆ ಅಂಕ ಯಾರು ನೋಡುದು ಮಗಾ?"

"ಅಲ್ಲಿ ಪ್ಯಾಕೆಟ್ ತಕೊಳ್ಳುವವರು."

"ನೋಡಿಯೇ ತಕೊಳ್ಳುದಾ?"

"ಹೌದಂತೆ. ಕೆಲಸದವರಿಗೆ ಕಷ್ಟ ಕೊಡುವ ಕಂಪನಿಯದ್ದು ಬೇಡ ಅಂತ ಬಿಡ್ತಾರಂತೆ."

ಅವರು ಬಾಚಣಿಗೆ ಕೆಳಗಿಟ್ಟರು. "ಒಳ್ಳೆ ಜನ, ಪಾಪ," ಎಂದರು. "ಅವರಿಗೆ ಹೇಗೆ ಗೊತ್ತಾಗ್ಬೇಕು?"

ಆಸ್ಪತ್ರೆಯ ಫೈಲು ಚೀಲಕ್ಕೆ ಹಾಕಿ, ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದೆ.